ಸಂದು ಬಿಡದ ಪೈಪು

“ಮೇಸ್ತ್ರಿ, ನಾನು ಕಟ್ಟಿದ ಪೈಪಿನಿಂದ ಒಬ್ಬ ಮನುಷ್ಯ ಸುಟ್ಟುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಇನ್ನು ಈ ಕಸುಬು ಮಾಡುವ ಹಕ್ಕು ನನಗಿದೆಯೇ?” ಎಂದು ಶೆಡ್ಡಿನಲ್ಲಿ ಕೆಲಸ ಕಲಿತ ಹುಡುಗ ದಾದಾಪೀರ್ ಕೇಳಿದ.

ಕೇಳುವ ಮೊದಲೇ ಅವನು ವೆಲ್ಡಿಂಗಿನ ಕನ್ನಡಕವನ್ನೂ ಕೈಗವಸನ್ನೂ ಬೆಂಚಿನ ಮೇಲೆ ಇಟ್ಟುಬಿಟ್ಟಿದ್ದ. ಅವನ ಊರಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಗಾದಿಲಿಂಗಪ್ಪ ಮೇಸ್ತ್ರಿಗೆ ಹೆದ್ದಾರಿಯುದ್ದಕ್ಕೂ ಹೆಸರು. ಲಾರಿ ಎಂಜಿನ್ನಿಗೆ ಹೊಗೆಪೈಪು ಕಟ್ಟುವುದರಲ್ಲಿ ಎಷ್ಟೋ, ಕತೆ ಕಟ್ಟುವುದರಲ್ಲೂ ಅಷ್ಟೇ. ತಾನು ಕಟ್ಟಿದ ಪೈಪಿನ ದನಿಗೆ ಗುಡುಗು ಬಂತೆಂದು ನವಿಲುಗಳು ಗರಿ ಬಿಚ್ಚಿದವು ಎಂದು ಆಣೆಯಿಟ್ಟು ಹೇಳುವವರು ಅವರು. ಆ ದಿನ ಮಾತ್ರ ನಗಲಿಲ್ಲ.

“ಕೂತ್ಕೋ ಮಗಾ. ಒಂದು ಕತೆ ಕೇಳಿ ಹೋಗು” ಎಂದರು.

ಒಬ್ಬ ವೆಲ್ಡರ್ ಇದ್ದ. ಬೆಸುಗೆ ಎಂದರೆ ಅವನದೇ ಬೆಸುಗೆ. ಅವನ ಪೈಪಿನೊಳಗೆ ಒಂದು ಇರುವೆ ಹೊಕ್ಕರೆ ಹೊಗೆಯ ರಭಸಕ್ಕೆ ತಿರುಗುವ ಟರ್ಬೊ ದಾಟಿ, ಸೈಲೆನ್ಸರ್ ದಾಟಿ, ಲಾರಿಯ ಹಿಂದಿನಿಂದಲೇ ಹೊರಗೆ ಬರಬೇಕು. ನಡುವೆ ಎಲ್ಲೂ ದಾರಿಯಿಲ್ಲ. ಕೆಲಸ ಮುಗಿದ ಮೇಲೆ ಎಂಜಿನ್ ಓಡಿಸಿ ಪ್ರತಿ ಬೆಸುಗೆಯ ಪಕ್ಕಕ್ಕೂ ಬೆಂಕಿಕಡ್ಡಿ ಗೀರಿ ಹಿಡಿಯುತ್ತಿದ್ದ. ಉರಿ ಅಲುಗಿದರೆ ಹೊಗೆ ಸೋರುತ್ತಿದೆ ಎಂದು ಅರ್ಥ. ಹತ್ತು ವರ್ಷದಲ್ಲಿ ಅವನ ಕಡ್ಡಿಯ ಉರಿ ಅಲುಗಿದ್ದನ್ನು ಕಂಡವರಿಲ್ಲ.

ಒಂದು ದಿನ ಒಬ್ಬ ಡ್ರೈವರ್ ಬಂದ. ಲಾರಿ ಅವನ ಸ್ವಂತದ್ದು. ಎಂಜಿನ್ನಿನ ಆರು ಬಾಯಿಗಳ ಹೊಗೆಯನ್ನು ಕೂಡಿಸಿ ಟರ್ಬೊಗೆ ಒಯ್ಯುವ ಪೈಪು ತುಕ್ಕು ಹಿಡಿದು ಸೀಳಿತ್ತು. ಅದು ಮೂರು ತುಂಡಿನ ಪೈಪು. ಒಂದು ತುಂಡು ಇನ್ನೊಂದರೊಳಗೆ ಜಾರುವ ಹಾಗೆ ಕೂಡಿಸಿದ್ದರು. ನಡುವೆ ಉಗುರಿನಷ್ಟು ಸಂದು ಇತ್ತು.

“ಅಣ್ಣಾ, ಇದ್ದ ಹಾಗೇ ಮೂರು ತುಂಡು ಮಾಡಿಕೊಡು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆ ಸಂದಿನಲ್ಲಿ ಒಂದಿಷ್ಟು ಹೊಗೆ ಬರುತ್ತೆ. ಬಿಸಿಯಾದರೆ ತಾನೇ ನಿಲ್ಲುತ್ತೆ” ಎಂದ ಡ್ರೈವರ್.

ವೆಲ್ಡರನಿಗೆ ಮೈ ಉರಿಯಿತು. “ಹೊಗೆ ಸೋರುವ ಪೈಪು ನನ್ನ ಶೆಡ್ಡಿನಿಂದ ಹೋದರೆ ನಾನು ಮೀಸೆ ಬೋಳಿಸಬೇಕು. ನೀನು ಸ್ಟೇರಿಂಗ್ ನೋಡ್ಕೋ ಹೋಗಪ್ಪಾ!”

ಮೂರು ದಿನ ಕೂತು ಒಂದೇ ತುಂಡಾಗಿ ಕಟ್ಟಿದ. ಕಡ್ಡಿ ಹಿಡಿದ. ಉರಿ ಅಲುಗಲಿಲ್ಲ. ನೋಡಿದವರು ಭಲೆ ಎಂದರು. ಡ್ರೈವರನೂ ದುಡ್ಡು ಕೊಟ್ಟು ಲಾರಿ ಒಯ್ದ.

ಲಾರಿ ಲೋಡು ಹೊತ್ತು ಘಾಟಿ ಏರಿತು. ಪೈಪು ಕಾದು ಕೆಂಡವಾಯಿತು. ಕಾದ ಕಬ್ಬಿಣ ಉದ್ದವಾಗುತ್ತದೆ. ಹಳೆಯ ಪೈಪಿಗೆ ಆ ಸಂದಿನೊಳಗೆ ಚಾಚಿಕೊಳ್ಳಲು ಜಾಗವಿತ್ತು, ಇದಕ್ಕೆ ಇರಲಿಲ್ಲ. ತುದಿಯ ಬೋಲ್ಟುಗಳು ಪಟಪಟನೆ ಮುರಿದವು. ಬಿಚ್ಚಿಕೊಂಡ ಬಾಯಿಂದ ಬೆಂಕಿಯಂಥ ಹೊಗೆ ಡೀಸೆಲ್ ಹೋಗುವ ರಬ್ಬರ್ ಪೈಪಿಗೆ ಬಡಿಯಿತು. ಡ್ರೈವರ್ ಲಾರಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಉರಿಯುವ ರಬ್ಬರ್ ಪೈಪನ್ನು ಬರಿಗೈಯಲ್ಲಿ ಕಿತ್ತೆಸೆದು ಮಣ್ಣು ಎರಚಿದ. ಲಾರಿ ಉಳಿಯಿತು. ಅವನ ಬಲಗೈ ಮೊಣಕೈವರೆಗೆ ಬೆಂದುಹೋಯಿತು.

ಸುದ್ದಿ ವೆಲ್ಡರನಿಗೆ ಮುಟ್ಟಿತು. ಲೋಡು ಹೆಚ್ಚಿತ್ತು ಅನ್ನು, ಡ್ರೈವರನೇ ಎಂಜಿನ್ ಎಳೆದಾಡಿದ ಅನ್ನು ಎಂದು ಜೊತೆಯವರು ಮಾತು ಹೇಳಿಕೊಟ್ಟರು. ಅವನು ಅದಕ್ಕೆ ಒಪ್ಪದೆ ಶೆಡ್ಡಿಗೆ ಬೀಗ ಹಾಕಿದ. ಊರು ಬಿಡುವ ಮುಂಚೆ ಒಮ್ಮೆ ಮುಖ ನೋಡೋಣವೆಂದು ಆಸ್ಪತ್ರೆಗೆ ಹೋದ. ಎರಡು ಸಲ ಬಾಗಿಲಿನಿಂದಲೇ ಹಿಂದಿರುಗಿದ. ಮೂರನೆಯ ಸಲ ಒಳಗೆ ಹೋದ.

“ನೀನು ಸಂದು ಬಿಡು ಅಂದೆ. ನಾನು ಬಿಡಲಿಲ್ಲ. ತಪ್ಪು ನನ್ನದು. ಕಸುಬು ಬಿಟ್ಟೆ” ಎಂದ.

ಡ್ರೈವರ್ ಕಟ್ಟು ಹಾಕಿದ ಕೈಯನ್ನು ಎತ್ತಿ ತೋರಿಸಿದ.

“ನೀನು ಬಿಟ್ಟರೆ ನನ್ನ ಲಾರಿಗೆ ಪೈಪು ಯಾರು ಕಟ್ಟೋದು? ಇನ್ನೊಬ್ಬನ ಹತ್ತಿರ ಹೋದರೆ, ಅವನಿಗೆ ಇದು ತಿಳಿಯೋಕೆ ಇನ್ನೊಂದು ಕೈ ಸುಡಬೇಕು. ಹೋಗು, ಬೀಗ ತೆಗಿ.”

ಮೇಸ್ತ್ರಿ ಕತೆ ನಿಲ್ಲಿಸಿದರು.

ದಾದಾಪೀರನ ಕಣ್ಣು ತುಂಬಿತ್ತು. ಆದರೂ ಇಲ್ಲವೆಂದು ತಲೆಯಾಡಿಸಿದ. “ಇದನ್ನೂ ನೀವೇ ಕಟ್ಟಿದ್ದು ಮೇಸ್ತ್ರಿ. ತನ್ನ ಕೈ ಸುಟ್ಟವನಿಗೇ ಯಾವ ಡ್ರೈವರ್ ಹಾಗೆ ಹೇಳ್ತಾನೆ?”

ಮೇಸ್ತ್ರಿ ಎಂದೂ ಮಡಚದ ಅಂಗಿಯ ಬಲತೋಳನ್ನು ಮೊಣಕೈವರೆಗೆ ಮಡಚಿದರು. ಅಲ್ಲಿಯವರೆಗೂ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು.

“ಹೇಳಿದವನು ನಾನೇ ಮಗಾ, ಈ ಕಸುಬು ಕಲಿತದ್ದೂ ಅವನ ಹತ್ತಿರವೇ.”