ಹನ್ನೆರಡೂವರೆಯ ಕೋಣೆ

"ಗುರುಗಳೇ, ಎರಡು ಯಂತ್ರಗಳಲ್ಲಿ ಯಾವುದರ ಗಣಿತ ಸರಿ?" ಎಂದು ವಾರಿಜೆ ಕೇಳಿದಳು. ಅವಳು ಡೇಟಾಬೇಸ್ ತಂತ್ರಾಂಶ ಬರೆಯುವವಳು. "ಯಾವ ದಾಖಲೆ ಎಲ್ಲಿರಬೇಕೆಂಬ ಸೂತ್ರ ನಾನು ಬರೆದೆ, ಗಣಿತವನ್ನು ಯಂತ್ರಕ್ಕೆ ಬಿಟ್ಟೆ. ಹಳೆಯ ಯಂತ್ರ ಜೋಪಾನವಾಗಿ ಇಟ್ಟ ದಾಖಲೆಯನ್ನು ಹೊಸದು ಇಲ್ಲವೇ ಇಲ್ಲ ಎನ್ನುತ್ತಿದೆ."

ಗುರು ಕತೆ ಹೇಳಿದರು.

ಒಬ್ಬ ವರ್ತಕ ರೈತರ ಬಿತ್ತನೆ ಬೀಜವನ್ನು ಕಾಪಿಡುತ್ತಿದ್ದ. ಉಗ್ರಾಣದಲ್ಲಿ ಕೋಣೆಗಳು ನೂರಾರು. ಆದುದರಿಂದ ಅವನೊಂದು ನಿಯಮ ಮಾಡಿದ. ರೈತನಿಗೊಂದು ಅಂಕಿಯ ಬಿಲ್ಲೆ. ಆ ಅಂಕಿಯ ಅರ್ಧವೇ ಅವನ ಕೋಣೆಯ ಸಂಖ್ಯೆ. ಲೆಕ್ಕ ತೋರಿಸಿದ ಕೋಣೆಯ ಹೊರತು ಬೇರೊಂದನ್ನು ತೆರೆಯಕೂಡದು. ತೆರೆದರೆ ಶೀತ ಹೊಕ್ಕು ಪರರ ಬೀಜ ಕೆಡುತ್ತದೆ. ಭಾಗಿಸಿ ಅರೆ ಉಳಿದರೆ ಅದನ್ನು ಎತ್ತ ಸೇರಿಸಬೇಕೆಂದು ಮಾತ್ರ ಅವನು ಹೇಳಲಿಲ್ಲ. ಗುಮಾಸ್ತರು ಕಲಿತವರು, ಅವರಿಗೆ ಗೊತ್ತಿರುತ್ತದೆ ಎಂದುಕೊಂಡ.

ಒಬ್ಬ ರೈತ ಸುಗ್ಗಿಯಲ್ಲಿ ಜೋಳದ ಬೀಜ ತಂದ. ಅವನ ಬಿಲ್ಲೆ ಇಪ್ಪತ್ತೈದು. ಗುಮಾಸ್ತ ಹನ್ನೆರಡೂವರೆಯನ್ನು ಮೇಲಕ್ಕೇರಿಸಿ, ಬೀಜವನ್ನು ಹದಿಮೂರನೆಯ ಕೋಣೆಯಲ್ಲಿಟ್ಟ. ಮುಂಗಾರು ಬಿದ್ದು ನೆಲ ಹದಕ್ಕೆ ಬಂದಾಗ ರೈತ ಬೀಜ ಕೇಳಲು ಹೋದ. ಅಷ್ಟರಲ್ಲಿ ಗುಮಾಸ್ತ ಬದಲಾಗಿದ್ದ. ಅರೆ ಉಳಿದರೆ ಹತ್ತಿರದ ಸಮಸಂಖ್ಯೆಗೆ ಹೋಗಬೇಕೆಂಬುದು ಹೊಸಬನು ಕಲಿತ ಪಾಠ. ಅವನು ಹನ್ನೆರಡನೆಯ ಕೋಣೆ ತೆರೆದು ನೋಡಿದ.

"ನಿನ್ನ ಬೀಜ ಇಲ್ಲ."

"ನಾನೇ ಹೊತ್ತು ತಂದೆನಲ್ಲ, ಸ್ವಾಮಿ!"

"ಹೊತ್ತದ್ದು ನಿನ್ನ ಹೆಗಲಿಗೆ ಗೊತ್ತು. ಲೆಕ್ಕಕ್ಕೆ ಗೊತ್ತಿಲ್ಲ."

ರೈತ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ತಂದದ್ದು ಈ ವರ್ಷವೋ, ಹೋದ ವರ್ಷವೋ? ಇಲ್ಲಿಗೋ, ಬೇರೆ ಉಗ್ರಾಣಕ್ಕೋ? ತನ್ನ ನೆನಪನ್ನೇ ನಂಬಲಾರದೆ ಅವನು ವರ್ತಕನ ಕಾಲು ಹಿಡಿದ.

ವರ್ತಕ ಹಳೆಯ ಗುಮಾಸ್ತನನ್ನು ಕರೆಸಿದ. ಇಬ್ಬರೂ ಅವನೆದುರು ಲೆಕ್ಕ ಮಾಡಿದರು. ಇಬ್ಬರೂ ಕಲಿತಂತೆಯೇ ಮಾಡಿದ್ದರು, ಯಾರೂ ಲೆಕ್ಕ ತಪ್ಪಿರಲಿಲ್ಲ. ವರ್ತಕ ಯಾರ ಪಾಠ ಸರಿಯೆಂದು ತೀರ್ಮಾನಿಸಲು ಪಂಡಿತರನ್ನು ಕರೆಸಿದ. ಪಂಡಿತರು ಎರಡು ಪಂಗಡವಾದರು.

"ಧಣಿ, ಹದಿಮೂರನೆಯ ಕೋಣೆಯನ್ನೂ ತೆರೆಸಿಬಿಡಿ" ಎಂದು ರೈತ ಅಂಗಲಾಚಿದ.

"ಯಾವುದು ಸರಿಯೆಂದು ತಿಳಿಯದೆ ಬಾಗಿಲು ತೆರೆಸಿದರೆ ನನ್ನ ನಿಯಮಕ್ಕೆ ಏನು ಬೆಲೆ?" ಎಂದ ವರ್ತಕ.

ವಾದ ನಡೆಯಿತು. ಪಂಡಿತರಿಗೆ ದಿನವೂ ಊಟವಾಯಿತು. ಊರವರೆಲ್ಲ ಬಿತ್ತಿ ಮುಗಿಸಿದರು. ಆ ವರ್ಷ ರೈತನ ಹೊಲ ಬೀಳು ಬಿತ್ತು.

ಗುರು ಅಲ್ಲಿಗೆ ನಿಲ್ಲಿಸಿದರು. ವಾರಿಜೆಗೆ ತಡೆಯಲಾಗಲಿಲ್ಲ.

"ಕೊನೆಗೆ ಯಾವ ಗುಮಾಸ್ತನ ಗಣಿತ ಸರಿಯೆಂದಾಯಿತು, ಗುರುಗಳೇ?"

"ನೆಲದ ಹದ ಆರುವವರೆಗೆ ವರ್ತಕನೂ ಇದನ್ನೇ ಕೇಳುತ್ತಿದ್ದನಮ್ಮ" ಎಂದರು ಗುರು.