ನಿಂಬೆವ್ವನ ಹಂಡೆ

ಬಹಳ ಹಿಂದಿನ ಮಾತು. ಎಷ್ಟು ಹಿಂದೆ ಅಂತ ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎರೆಹೊಲಗಳ ನಡುವಿನ ಒಂದು ಊರಲ್ಲಿ ಮಾನಪ್ಪ ಅಂತ ಒಬ್ಬ ಬಡಿಗನಿದ್ದನಂತೆ. ಬಿದಿರು, ಬಟ್ಟೆ, ಹಳೆಯ ಮೋಟಾರ್‌ಸೈಕಲ್ಲಿನ ಎಂಜಿನ್ನು ಸೇರಿಸಿ ಮನೆಯಂಗಳದಲ್ಲೇ ವಿಮಾನ ಕಟ್ಟಿದನಂತೆ. ಊರೆಲ್ಲ ನಕ್ಕಿತು. ನಗದೆ ಇದ್ದವಳು ಹೆಂಡತಿ ನಿಂಬೆವ್ವ ಒಬ್ಬಳೇ. ಅದು ಹಾರುವ ಮೊದಲೇ ಅವಳು ಜ್ವರ ಬಂದು ತೀರಿಕೊಂಡಳು.

ಅವಳು ತವರಿಂದ ತಂದ ತಾಮ್ರದ ಹಂಡೆ ಬಚ್ಚಲಲ್ಲಿ ಉಳಿಯಿತು. ಅದರ ಹೊಟ್ಟೆಯ ಮೇಲೆ ಅವಳ ಹೆಸರು ಕೆತ್ತಿತ್ತು. ಬದುಕಿದ್ದಾಗ ದಿನಾ ಸಂಜೆ ಅದರಲ್ಲಿ ನೀರು ಕಾಯಿಸಿ, "ನೀರು ಕಾದಾವ್ರೀ, ಜಳಕಕ್ಕ ಬರ್ರಿ" ಅಂತ ಗಂಡನನ್ನು ಕರೆಯುತ್ತಿದ್ದಳು. ಮಾನಪ್ಪ ಆ ಹಂಡೆಯನ್ನೇ ಎಂಜಿನ್ನಿಗೆ ಹೊದಿಸಿದ, ಬಾಯಿ ಮುಂದಕ್ಕೆ, ತಳ ಹಿಂದಕ್ಕೆ. ಕೇಳಿದವರಿಗೆ, ಧೂಳು ಬೀಳಬಾರದು ಅಂದನಂತೆ. ಧೂಳಂತೆ ಧೂಳು! ಅವಳನ್ನು ಬಿಟ್ಟು ಹಾರಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೇ.

ವಿಮಾನ ಎದ್ದಿತು. ಊರಂಚಿನ ಬೇವಿನ ಮರಗಳನ್ನು ದಾಟುವಷ್ಟರಲ್ಲಿ ಎಂಜಿನ್ನು ಕಾದು ಕೆಂಡವಾಯಿತು. ಆಗ ಹಂಡೆಯೊಳಗಿಂದ ದನಿ ಬಂತಂತೆ: "ನೀರು ಕಾದಾವ್ರೀ, ಬರ್ರಿ." ಮಾನಪ್ಪ ಗಕ್ಕನೆ ವಿಮಾನ ತಿರುಗಿಸಿದ. ಹೇಗೋ ಹೊಲಕ್ಕೆ ಇಳಿಸಿಕೊಂಡ.

ಎಣ್ಣೆ ಬದಲಿಸಿದ. ಪೆಟ್ರೋಲು ಕಡಿಮೆ ಬೀಳುತ್ತಿದೆಯೇನೋ ಅನ್ನುತ್ತ ಕಾರ್ಬೋರೇಟರ್ ಬಿಚ್ಚಿ ತೊಳೆದ. ಹೊಸ ಪ್ಲಗ್ಗು ಹಾಕಿದ. ಹಾರಿದರೆ ಮತ್ತೆ ಕೆಂಡ, ಮತ್ತೆ ಅದೇ ಕರೆ. ಸಲಸಲಕ್ಕೂ ದನಿ ಹತ್ತಿರವಾಗುತ್ತಿತ್ತು ಅಂತಾರೆ. ಬರಬರುತ್ತ ಅವನು ಇಳಿಯುವುದನ್ನೇ ತಡಮಾಡತೊಡಗಿದ. ಎಂಜಿನ್ನಿನಿಂದ ಸುಟ್ಟ ವಾಸನೆ ಬಂದರೂ ಮೇಲೇ ಕೂತು ಕೇಳುತ್ತಿದ್ದನಂತೆ.

ಒಂದು ದಿನ ಅವನ ಅಕ್ಕ ಶಿವಗಂಗವ್ವ ಬಂದಳು. ಆಗಷ್ಟೇ ಇಳಿದ ವಿಮಾನದ ಹಂಡೆ ಮುಟ್ಟಿ ಕೈ ಸುಟ್ಟುಕೊಂಡಳು.

"ಅಡಗಿಮನಿಗೆ ಬೆಳಕಿಂಡಿ ಯಾಕ ಬಿಡ್ತಾರೋ ತಮ್ಮಾ? ಒಳಗ ಬಂದ ಗಾಳಿಗೆ ಹೊರಗ ಹೋಗಾಕ ದಾರಿ ಎಲ್ಲೈತಿ ಇದಕ್ಕ?"

"ಮೊದಲನೇ ದಿನಾನ ಗೊತ್ತಿತ್ತಕ್ಕಾ," ಅಂದ ಮಾನಪ್ಪ. "ತೂತು ಬಿದ್ದ ಹಂಡೇದಾಗ ಯಾರು ನೀರು ಕಾಯಿಸ್ತಾರ?"

"ಕಾಯಿಸಾಕಿ ಹೋಗ್ಯಾಳೋ. ನೀನೂ ಹೊಂಟೀಯಲ್ಲೋ," ಅಂದವಳೇ ಅಲ್ಲೇ ಕುಕ್ಕರಿಸಿ ಅತ್ತಳು.

ಮರುದಿನ ಮಾನಪ್ಪ ಉಳಿ, ಸುತ್ತಿಗೆ ಹಿಡಿದ. ತಳ ಕಡಿಯುವಾಗ ಹಂಡೆ ಹೆಂಗಸಿನ ದನಿಯಲ್ಲಿ ನರಳಿತಂತೆ. ಕೇಳಿದವರು ಕಿವಿ ಮುಚ್ಚಿಕೊಂಡರಂತೆ. ಎಂಜಿನ್ನು ತಣ್ಣಗಿತ್ತು. ಆದರೂ ತಳ ಕಳಚಿ ಬಿದ್ದಾಗ ಒಳಗಿಂದ ಬಿಸಿ ಗಾಳಿಯೊಂದು ಅವನ ಕೆನ್ನೆ ಸವರಿ ಹೋಯಿತು. ಅದರಲ್ಲಿ ಸೀಗೆಕಾಯಿಯ ವಾಸನೆ ಇತ್ತು ಅಂತಾರೆ.

ಆಮೇಲೆ ಎಂಜಿನ್ನು ಕಾಯಲಿಲ್ಲ. ಅವನು ಊರ ಮೇಲೆ ಸುತ್ತು ಹೊಡೆದ, ಹೊಳೆ ದಾಟಿ ಹೋಗಿ ಬಂದ. ಉದ್ದಕ್ಕೂ ಕಿವಿಗೊಟ್ಟೇ ಕೂತಿದ್ದನಂತೆ. ಯಾರೂ ಕರೆಯಲಿಲ್ಲ. ಇಳಿದವನು ಊರವರ ಎದುರೇ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಬಹಳ ವರ್ಷ ಬದುಕಿದ, ತಣ್ಣೀರಲ್ಲೇ ಜಳಕ ಮಾಡಿಕೊಂಡು.

ಇವತ್ತಿಗೂ ಆ ಊರಲ್ಲಿ ಸಾವಾದ ಮನೆಯ ಹಿತ್ತಲ ಬಾಗಿಲನ್ನು ತೆರೆದು, ಕಲ್ಲು ಆನಿಸಿ ಇಡುತ್ತಾರೆ. ನಾಯಿ ನುಗ್ಗಲಿ, ಕೋಳಿ ನುಗ್ಗಲಿ, ಮುಚ್ಚುವುದಿಲ್ಲ. ಗೊತ್ತಿಲ್ಲದ ನೆಂಟರು ಮುಚ್ಚಲು ಹೋದರೆ ಮನೆಯ ಹಿರಿಯಳು ಎದ್ದು ಬಂದು ಕೈ ಹಿಡಿಯುತ್ತಾಳೆ. "ಇರಲಿ ಬಿಡವಾ," ಅನ್ನುತ್ತಾಳೆ. "ಹೋಗೋರು ಹೋಗಲಿ."