ತುಂಗಿಯ ದವಡೆ ಮತ್ತು ನರಿವೈದ್ಯ

ಒಂದು ಕಾಡಿನಲ್ಲಿ ತುಂಗಿ ಎಂಬ ಎಳೆ ಜಿಂಕೆ ಇದ್ದಳು. ಅವಳ ಕೆಳದವಡೆ ಮೇಲಿನದಕ್ಕಿಂತ ಮುಂದಕ್ಕೆ ಚಾಚಿಕೊಂಡಿತ್ತು. ಗಿಡ್ಡ ಹುಲ್ಲು ಕಚ್ಚಲು ಹೋದರೆ ಅರ್ಧ ಜಾರಿಹೋಗುತ್ತಿತ್ತು. ಓರಗೆಯವರು "ಸೌಟುಮೂತಿ" ಎಂದು ಛೇಡಿಸುತ್ತಿದ್ದರು. ಆದರೆ ಹಿಂಡಿನ ಕಾವಲಿಗೆ ಅವಳಷ್ಟು ಗಟ್ಟಿ ಕಂಠ ಇನ್ನೊಬ್ಬರಿಗಿರಲಿಲ್ಲ. ಅವಳು ಕೂಗಿದರೆ ಗುಡ್ಡದಾಚೆಗೂ ಕೇಳುತ್ತಿತ್ತು!

ಆ ಕೂಗಿನಿಂದ ಬೇಟೆ ತಪ್ಪಿ ತಪ್ಪಿ ಕಂಚಪ್ಪ ನರಿಯ ಹೊಟ್ಟೆ ಬೆನ್ನಿಗಂಟಿತ್ತು. ಅವನು ಕೊರಳಿಗೆ ಬೇರಿನ ಸರ ಹಾಕಿಕೊಂಡು ವೈದ್ಯನಾಗಿ ಬಂದ.

"ಅಯ್ಯೋ ಮಗಳೇ, ಇಷ್ಟು ಚೆಂದದ ಮುಖಕ್ಕೆ ಇದೆಂಥ ದವಡೆ! ಬಳ್ಳಿ ಬಿಗಿದರೆ ಹುಣ್ಣಿಮೆಯೊಳಗೆ ಹಿಂದೆ ಸರಿಯುತ್ತೆ. ಬಾಯಿ ಮಾತ್ರ ತೆರೀಬಾರದು."

"ಕೂಗೋ ಹಾಗೂ ಇಲ್ವಾ?"

"ಕೂಗಿದರೆ ಮದ್ದು ಕೆಟ್ಟ ಹಾಗೇ!"

ಪಾಪ, ತುಂಗಿ ಆಸೆಯಿಂದ ಮುಖ ಒಡ್ಡಿದಳು. ನರಿ ಬಾಯಿಗೆ ಅಡ್ಡಲಾಗಿ ಬಳ್ಳಿ ಬಿಗಿದ.

ಸಂಜೆ ಅದೇ ವೈದ್ಯ ಪೊದೆಯಲ್ಲಿ ತೆವಳುತ್ತ ಬಂದ. ಎದುರಿಗೆ ತುಂಗಿಯ ಪುಟ್ಟ ತಂಗಿ ಮಲಗಿದ್ದಳು. ತುಂಗಿ ಅದನ್ನು ಕಂಡು ಕೂಗಲು ಹೋದಳು. ಬಳ್ಳಿ ಬಾಯಿ ತೆರೆಯಲು ಬಿಡಲಿಲ್ಲ. ಬೇರೆ ಜಿಂಕೆಯಾಗಿದ್ದರೆ ಹಲ್ಲೆಲ್ಲ ಬಾಯೊಳಗೇ ಇರುತ್ತಿತ್ತು. ತುಂಗಿಯ ಕೆಳಹಲ್ಲು ಹೊರಗಿತ್ತು, ಬಳ್ಳಿ ಅದರ ಮೇಲೇ ಕೂತಿತ್ತು. ಅವಳು ದವಡೆಯನ್ನು ಅತ್ತಿತ್ತ ಆಡಿಸಿ ಉಜ್ಜಿಯೇ ಉಜ್ಜಿದಳು. ಬಳ್ಳಿ ಪಟ್ಟನೆ ಹರಿಯಿತು. ಆಮೇಲೆ ಕೂಗಿದಳು ನೋಡಿ, ಇಡೀ ಕಾಡು ಎದ್ದು ಕೂತಿತು!

ಹಿಂಡಿನ ಯಜಮಾನ ಬೋರಣ್ಣ ಓಡಿಬಂದು ನರಿಯನ್ನು ಕೊಂಬಿನಿಂದ ಎತ್ತಿ ಮುಳ್ಳುಪೊದೆಗೆ ಎಸೆದ. ವೈದ್ಯರು ಮೈತುಂಬ ಮುಳ್ಳು ಚುಚ್ಚಿಸಿಕೊಂಡು, ಕುಂಯ್‌ಗುಟ್ಟುತ್ತ ಕಾಡು ಬಿಟ್ಟರು.

ಮರುದಿನ ಬೋರಣ್ಣ ತುಂಗಿಯನ್ನು ಮದ್ದು ಬಲ್ಲ ಆನೆಯಜ್ಜಿಯ ಬಳಿ ಕರೆದೊಯ್ದ, ತಂಗಿಯೂ ಜೊತೆಗೆ ಬಂದಳು. ಅಜ್ಜಿ ಬಾಯಿ ತೆರೆಸಿ, ಎಲೆ ಅಗಿಸಿ ನೋಡಿದಳು.

"ನಿಮ್ಮಜ್ಜನಿಗೂ ಹೀಗೇ ಇತ್ತು ಕಣೇ. ಮೂಳೆ ಬೆಳೆದ ರೀತಿ ಅದು, ನಿನ್ನ ತಪ್ಪಲ್ಲ. ಬಳ್ಳಿ ಕಟ್ಟಿದರೆ ಸರಿಹೋಗಲ್ಲ. ಇನ್ನೂ ಬೆಳೀತಿದ್ದೀಯ, ಆಗಾಗ ಬಂದು ತೋರಿಸು. ಗಿಡ್ಡ ಹುಲ್ಲಿನ ಜೊತೆ ಯಾಕೆ ಗುದ್ದಾಡ್ತೀಯ? ನಾನು ಕೊಂಬೆ ಬಗ್ಗಿಸ್ತೀನಿ, ಚಿಗುರು ತಿನ್ನು."

"ಪೂರ್ತಿ ಸರಿಹೋಗದಿದ್ದರೆ, ಅಜ್ಜೀ?"

"ಹೋಗದಿದ್ದರೂ ತಂಗಿಯನ್ನು ಉಳಿಸಿದವಳು ನೀನೇ ಅಲ್ವೇನೇ?"

ಹಿಂದಿರುಗುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಪುಟ್ಟ ತಂಗಿ "ಇವಳು ನಮ್ಮಕ್ಕ!" ಎಂದು ಸಾರುತ್ತ ಬಂದಳು. ತುಂಗಿ ಗದ್ದ ಎತ್ತಿಕೊಂಡೇ ನಡೆದಳು.

ನೀತಿ: ದೇಹದ ತೊಂದರೆಯನ್ನು ಬಲ್ಲವರಿಗೆ ತೋರಿಸಬೇಕು, ನಮ್ಮ ನಾಚಿಕೆಯನ್ನೇ ಬಂಡವಾಳ ಮಾಡಿಕೊಳ್ಳುವವರ ಕೈಗೆ ಮುಖ ಕೊಡಬಾರದು.